ನಾನ್ನೂರ ಹದಿನೇಳನೇ ಫೋಲ್ಡರ್

ಹೋದ ವಾರ ಸೂಪರ್ ಮಾರ್ಕೆಟ್ ಬಜಾರಿನ ತಳ್ಳುಗಾಡಿಯೊಂದರಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಇಟ್ಟಿದ್ದರು. ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಚಾಚಾ ನೆನಪಾದರು. ಹಣ್ಣು ಕೊಳ್ಳಲು ಕೈ ಬರಲಿಲ್ಲ...

ಆರು ವರ್ಷದ ಹಿಂದಿನ ಮಾತು. ಸೇಡಂ ರಸ್ತೆಯ ಒಂದು ದವಾಖಾನೆಯಲ್ಲಿ ರೋಗಿಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ ಸೇರಿದ್ದೆ. ಚಾಚಾ ಅಲ್ಲಿನ ರೆಕಾರ್ಡ್ ರೂಮಿನವರು. ದಿನಾ ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದರು. ಬರುವಾಗ ನನಗೊಂದು ಹಣ್ಣು ತರುತ್ತಿದ್ದರು. ರೋಗಿಗಳ ಕಾಗದದ ಕಟ್ಟುಗಳನ್ನು ಸಾಲಾಗಿ ಜೋಡಿಸಿ, ಪ್ರತಿ ಕಟ್ಟಿನ ಮೇಲಿನ ನಂಬರ್ ಓದಿ, ಕಂಪ್ಯೂಟರಿನಲ್ಲಿ ಅದೇ ನಂಬರಿನ ಫೋಲ್ಡರ್ ಮಾಡುವುದು ಅವರ ಕೆಲಸ. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದರು. ದಿನಕ್ಕೆ ಅರವತ್ತು ಆದರೆ ಹೆಚ್ಚು.

ನನಗೆ ತಾಳ್ಮೆ ಇರಲಿಲ್ಲ. ಒಂದು ಮಧ್ಯಾಹ್ನ ಮ್ಯಾನೇಜರ್ ಎದುರಿಗೇ ಕಂಪ್ಯೂಟರಿಗೆ ನಾಲ್ಕು ಸಾಲಿನ ಆಜ್ಞೆಗಳ ಸ್ಕ್ರಿಪ್ಟ್ ಬರೆದು ಎಂಟರ್ ಒತ್ತಿದೆ. ಕಪ್ಪು ಪರದೆ ಒಮ್ಮೆ ಮಿನುಗಿತು. ಒಂದರಿಂದ ಎರಡು ಸಾವಿರದವರೆಗೆ ಫೋಲ್ಡರ್‌ಗಳು ಸಾಲಾಗಿ ನಿಂತವು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಚಾಚಾ ಕನ್ನಡಕ ಸರಿಮಾಡಿಕೊಂಡು, "ಬೇಟಿ, ನಾನ್ನೂರ ಹದಿನೇಳರ ಕಟ್ಟ ಇಲ್ಲ ನೋಡು. ಮಳಿಗೆ ತೊಯ್ದು ಹಾಳಾಗ್ಯದ. ಅದರ ಫೋಲ್ಡರ್ ತೆಗದ್ಬಿಡು," ಎಂದರು.

"ಆಮ್ಯಾಲ ನೋಡೂಣ್ರೀ ಚಾಚಾ," ಎಂದು ನಕ್ಕೆ.

ಮತ್ತೆ ನೋಡಲೇ ಇಲ್ಲ. ಕಟ್ಟಿನ ಮೇಲಿನ ನಂಬರನ್ನೂ ಓದದೆ, ಚಾಚಾ ಜೋಡಿಸಿದ ಸಾಲಿನಲ್ಲೇ ಸ್ಕ್ಯಾನ್ ಮಾಡಿ ತುಂಬುತ್ತ ಹೋದೆ. ನಾನ್ನೂರ ಹದಿನೆಂಟರ ಕಾಗದ ನಾನ್ನೂರ ಹದಿನೇಳರ ಖಾಲಿ ಫೋಲ್ಡರಿಗೆ ಹೋಯಿತು. ಅಲ್ಲಿಂದ ಮುಂದಿನವೆಲ್ಲ ಒಂದೊಂದು ನಂಬರ್ ಹಿಂದೆ ಸರಿದವು.

ತಿಂಗಳಾದ ಮೇಲೆ ಒಬ್ಬ ಹೆಣ್ಣುಮಗಳು ತನ್ನ ಹೊಟ್ಟೆಯ ಆಪರೇಷನ್ನಿನ ಕಾಗದ ಕೇಳಿಕೊಂಡು ಬಂದಳು. ಅವಳ ನಂಬರ್ ತೆರೆದರೆ ಯಾರೋ ಗಂಡಸಿನ ಮುರಿದ ಕಾಲು. ಮ್ಯಾನೇಜರ್ ಕೆಂಡವಾದರು. "ಕಟ್ಟ ಜೋಡಿಸಿದವರು ಯಾರು?"

"ಚಾಚಾ ರೀ ಸರ್," ಎಂದೆ.

ಅದು ಸುಳ್ಳಲ್ಲ. ಜೋಡಿಸಿದವರು ಅವರೇ, ಸರಿಯಾಗಿಯೇ ಜೋಡಿಸಿದ್ದರು... ಉಳಿದದ್ದನ್ನು ನಾನು ಹೇಳಲಿಲ್ಲ. ಚಾಚಾ ನನ್ನ ಕಡೆ ನೋಡಿ, ಕನ್ನಡಕ ಕಳಚಿ ಜೇಬಿಗೆ ಇಟ್ಟುಕೊಂಡರು. ನಾಳೆಯಿಂದ ಬರುವುದು ಬೇಡ ಎಂದು ಮ್ಯಾನೇಜರ್ ಅವರಿಗೆ ಹೇಳಿದರು. ಚಾಚಾ ಬುತ್ತಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ತಪ್ಪನ್ನು ನಾನೇ ಎರಡು ದಿನ ಕೂತು ಸದ್ದಿಲ್ಲದೆ ಸರಿಪಡಿಸಿದೆ. ಅದಕ್ಕೂ ನನಗೆ ಶಾಬಾಸ್ ಸಿಕ್ಕಿತು.

ಮೊನ್ನೆ ಭಾನುವಾರ ಧೈರ್ಯ ಮಾಡಿ ಕಮಲಾಪುರಕ್ಕೆ ಹೋದೆ. ಚಾಚಾ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಮಗಳು ಒಳಗೆ ಕರೆದು ಚಹಾ ಕೊಟ್ಟಳು.

"ನಮ್ಮ ಅಬ್ಬಾ ಹೇಳ್ತಿದ್ರು. ಒಬ್ಬಾಕಿ ಹುಡುಗಿ ಭಾಳ ಶಾಣ್ಯಾ ಅದಾಳ, ನನ್ನ ತಿಂಗಳ ಕೆಲಸ ಒಂದ್ ನಿಮಿಷದಾಗ ಮಾಡಿದಳು ಅಂತ. ಅಕಿ ನೀವೇ ಏನ್ರೀ?"

"ಹೌದ್ರೀ," ಎಂದೆ. ಅವರು ಹೇಳದೆ ಬಿಟ್ಟದ್ದನ್ನು ನಾನಾದರೂ ಹೇಳಬೇಕಿತ್ತು... ಚಹಾ ಮುಗಿಸಿ ಬಸ್ಸು ಹತ್ತಿದೆ. ನಾನು ಕ್ಷಮೆ ಕೇಳಬೇಕಿದ್ದ ಚಾಚಾ ಇನ್ನಿಲ್ಲ. ಆ ಮನೆಯಲ್ಲಿ ಮಾತ್ರ ನಾನು ಇವತ್ತಿಗೂ ಶಾಣ್ಯಾ ಹುಡುಗಿಯೇ.