ಬೆನ್ನಿಗೆ ಸೂಜಿ, ಕಾಲಿಗೆ ಪಾರಿವಾಳ

ಎಂಬತ್ತರ ದಶಕದಲ್ಲಿ ನನಗೆ ರಕ್ತದ ಕ್ಯಾನ್ಸರ್ ಬಂದಾಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಸಂದಿಗೆ ಸೂಜಿ ಚುಚ್ಚಿ ಔಷಧಿ ಬಿಡುತ್ತಿದ್ದರು. ರೋಗ ಮಿದುಳಿಗೆ ಏರಬಾರದಂತೆ. ಅಷ್ಟು ಹೇಳಿದ ಡಾಕ್ಟರು, ಆ ಔಷಧಿಯಿಂದಲೇ ಕಾಲು ಬಿದ್ದುಹೋಗಬಹುದೆಂಬ ಸಣ್ಣ ಸಂಗತಿಯನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡಿದ್ದರು.

ಸೂಜಿ ಹಾಕಿಸಿಕೊಂಡು ನಮ್ಮೂರು ಹೊನ್ನಾಳಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಏಳಲು ಹೋದರೆ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ಹತ್ತಿರದ ಹಳ್ಳಿ ಗೋವಿನಕೋವಿಯಿಂದ ಓಡಿಬಂದ ದೊಡ್ಡಪ್ಪ ಒಂದೇ ನೋಟಕ್ಕೆ ತೀರ್ಪು ಕೊಟ್ಟರು. "ಲಕ್ವ ಹೊಡದೈತೆ. ಪಾರಿವಾಳದ ರಕ್ತ ತಿಕ್ಕಿದ್ರೆ ಎದ್ದು ಓಡಾಡ್ತಾನೆ."

ನನ್ನ ರಕ್ತವೇ ಕೆಟ್ಟು ಕೂತಿದೆ, ಇನ್ನು ಹಕ್ಕಿಯದೂ ಯಾಕೆ ಎಂದೆ.

"ನಿಂದು ಕೆಟ್ಟೈತೆ ಅಂತ್ಲೇ ಅದರದು ಬೇಕು. ಸುಮ್ನೆ ಮಲಗು."

ಮೊಳಕಾಲಿಗೆ ಬಿಸಿ ರಕ್ತ ಬಿತ್ತು. ಗುಣ ಕಂಡದ್ದು ನೊಣಗಳಿಗೆ.

ಕೆಲವು ವಾರಗಳಲ್ಲಿ ಕಾಲು ತಾನಾಗಿಯೇ ಚೇತರಿಸಿಕೊಂಡಿತು. ತಪಾಸಣೆಗೆ ಹೋದಾಗ ಡಾಕ್ಟರು, "ಈ ಔಷಧಿಗೆ ಒಮ್ಮೊಮ್ಮೆ ಹೀಗಾಗುತ್ತೆ, ಮುಂದಿನ ಸಲ ಬೇರೆ ಹಾಕೋಣ" ಎಂದು ಆಕಳಿಸಿದರು. ಊರಲ್ಲಿ ಕೀರ್ತಿಯೆಲ್ಲ ಪಾರಿವಾಳಕ್ಕೆ ಹೋಗಿತ್ತು.

ಮುಂದಿನ ಸೂಜಿಗೆ ಹೊರಟಾಗ, ಡಾಕ್ಟರ ಮಾತನ್ನು ನನ್ನಿಂದ ಕೇಳಿದ್ದ ದೊಡ್ಡಪ್ಪ ಬುಟ್ಟಿಯಲ್ಲಿ ಜೀವಂತ ಪಾರಿವಾಳ ಇಟ್ಟುಕೊಂಡೇ ಬಸ್ಸು ಹತ್ತಿದರು. ವಾರ್ಡಿನಲ್ಲಿ ಬುಟ್ಟಿಯೊಳಗಿಂದ ಸದ್ದು ಕೇಳಿ ಡಾಕ್ಟರು ಕೆಂಡವಾದರು. "ಏನ್ರೀ ಇದು?"

"ನೀವು ಸೂಜಿ ಹಾಕ್ತೀರಲ್ಲ ಸಾಹೇಬ್ರೆ, ಮತ್ತೆ ಕಾಲು ಬಿದ್ರೆ ಬೇಕಾಗತೈತೆ."

ಸೂಜಿ ಚುಚ್ಚುವ ಮೊದಲೇ ಅದರಿಂದ ಏನಾಗಬಹುದೆಂದು ಆ ವಾರ್ಡಿನಲ್ಲಿ ಬಾಯಿಬಿಟ್ಟು ಹೇಳಿದವರು ದೊಡ್ಡಪ್ಪ ಒಬ್ಬರೇ.