ಬರಿಗೈಗೆ ಬಂದ ವಾಚು

ಹೊಸಪೇಟೆಯ ಅಂಗಡಿಯವನು ಯಮನೂರಮ್ಮನ ಮುಂದೆ ಮೊದಲು ಜೋಡಿಸಿಟ್ಟದ್ದು ಗಂಡಸರ ವಾಚುಗಳನ್ನು. ಮದುವೆಯ ಹಂಗಾಮು, ಐವತ್ತರ ಹತ್ತಿರದ ಹೆಂಗಸು, ಬಗಲಲ್ಲಿ ಚೀಲ. ಇನ್ಯಾರಿಗೆ ಬಂದಿರುತ್ತಾಳೆ? ಅಳಿಯನಿಗೇ ಅಂತ ಅವನು ಗಟ್ಟಿ ಮಾಡಿಕೊಂಡಿದ್ದ.

"ಅಳಿಯಾರ ಕೈ ದಪ್ಪ ಐತೇನ್ರಿ ಅಮ್ಮಾ?"

"ಅಳಿಯಂದು ಆಮ್ಯಾಲೆ ನೋಡೂಣು. ಆ ಗಾಜಿನ್ಯಾಗ ಐತಲ್ಲ, ಬೆಳ್ಳನ ಮುಖದ್ದು, ಸಣ್ಣದು? ಅದನ್ನ ತಗೀರಿ. ನನಗ."

ಅಂಗಡಿಯವನು ಅವಳ ಹವಾಯಿ ಚಪ್ಪಲಿ ನೋಡಿದ, ಆಮೇಲೆ ಗಾಜು ನೋಡಿದ. "ಅಮ್ಮಾ, ಅದು ಸ್ವಿಸ್ ಕಂಪನೀದು. ನಲವತ್ತೆಂಟು ಸಾವಿರ ಐತಿ."

"ನನಗ ಓದಾಕ ಬರ್ತೈತ್ರಿ. ಮೂರು ವರ್ಷಾತು ಆ ಚೀಟಿ ಓದಾಕತ್ತು. ಮೊದಲ ನಲವತ್ತೊಂದಿತ್ತು. ನೀವ ಏರಿಸೀರಿ."

ಅಂಗಡಿಯವನಿಗೆ ನಗು ಬಂತು. ವಾಚನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು ಅದರ ಗುಣ ಹೇಳಿದ. ಇದಕ್ಕೆ ಸೆಲ್ ಇಲ್ಲ. ಒಳಗೊಂದು ಸಣ್ಣ ಗುಂಡು ಇರುತ್ತದೆ, ಕೈ ಆಡಿದಂತೆಲ್ಲ ಅದೂ ಆಡುತ್ತದೆ, ಅದರಿಂದಲೇ ಮುಳ್ಳು ತಿರುಗುತ್ತದೆ. "ಬಿಚ್ಚಿ ಇಟ್ರಿ ಅಂದ್ರ ಎರಡು ದಿನಕ್ಕ ನಿಂತುಬಿಡ್ತೈತಿ. ಕೈ ಆಡ್ತಿರಬೇಕ್ರಿ."

"ಹಂಗಾರ ನನ್ನ ಕೈಯಾಗ ಇದು ನಿಲ್ಲೂದಿಲ್ಲ ಬಿಡ್ರಿ," ಅಂದಳು ಯಮನೂರಮ್ಮ.

ಆ ಮಾತು ಸುಳ್ಳಲ್ಲ. ಹೊಳೆ ದಾಟಿದರೆ ಮುನಿರಾಬಾದ್. ಅಲ್ಲಿಯ ನೀರಾವರಿ ಕಚೇರಿಯ ಕಸ ಗುಡಿಸಿ, ಮೇಜು ಒರೆಸಿ, ಫೈಲುಗಳನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊತ್ತು, ಸಾಹೇಬರ ಚಹಾ ಆರುವುದರೊಳಗೆ ಮೇಲಿನ ಮಹಡಿಗೆ ಮುಟ್ಟಿಸುವ ಕೈ ಅವಳದು. ನೌಕರಿ ಬಂದದ್ದು ಗಂಡ ಯಂಕೋಬನಿಂದ. ಅವನು ಕಾಲುವೆಯ ಗೇಟು ತಿರುಗಿಸುವ ಕೆಲಸದಲ್ಲಿದ್ದ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತಲ್ಲ, ತೊಂಬತ್ತೇಳರಲ್ಲಿ, ಅದೇ ವರ್ಷ ಕಾಮಾಲೆಯಾಗಿ ತೀರಿಕೊಂಡ. ಮಗಳು ರೂಪಾ ಆಗ ಇನ್ನೂ ಸೀರೆಯ ಸೆರಗು ಹಿಡಿದು ನಡೆಯುತ್ತಿದ್ದಳು.

ಅವತ್ತು ಓಣಿಯ ಹೆಂಗಸರು ಯಮನೂರಮ್ಮನನ್ನು ಕೂರಿಸಿ, ಎರಡೂ ಕೈಗಳ ಬಳೆಗಳನ್ನು ಕಲ್ಲಿಗೆ ಬಡಿದು ಒಡೆದರು. ಒಂದು ಚೂರು ಎಡಗೈಯ ಮಣಿಕಟ್ಟಿಗೆ ಹೊಕ್ಕಿತು. ಗಾಯ ಮಾಯಿತು, ಕಲೆ ಉಳಿಯಿತು. ಅವಳಿಗೆ ಮಾತ್ರ ಕಲೆಗಿಂತ ಹೆಚ್ಚು ಕಾಡಿದ್ದು ಇನ್ನೊಂದು. ಮರುದಿನ ಪೊರಕೆ ಹಿಡಿದು ಅಂಗಳ ಗುಡಿಸುವಾಗ ಕೈಯಿಂದ ಸದ್ದೇ ಬರಲಿಲ್ಲ. ಬೇರೆ ಯಾರದೋ ಕೈ ತನಗೆ ಅಂಟಿಕೊಂಡಂತೆ ಅನಿಸಿ ಪೊರಕೆ ಬಿಸಾಡಿದ್ದಳು.

ನೀರಾವರಿ ನೌಕರರ ಕಾಲೊನಿಗೆ ಬಳೆ ತರುವವಳು ಜೈನಾಬೀ. ಪಂಚಮಿ ಬಂದರೆ, ಯುಗಾದಿ ಬಂದರೆ, ಬಳೆಯ ಬುಟ್ಟಿ ಹೊತ್ತು ಮನೆಮನೆಗೆ ಕೂಗುತ್ತಿದ್ದಳು. ಆ ವರ್ಷದಿಂದ ಯಮನೂರಮ್ಮನ ಬಾಗಿಲು ಬಂದಾಗ ಅವಳ ಕೂಗು ನಿಲ್ಲುತ್ತಿತ್ತು. ಮುಂದಿನ ಮನೆಯಿಂದ ಮತ್ತೆ ಶುರುವಾಗುತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಾ ಯಮನೂರಮ್ಮ ಆ ಮೌನವನ್ನು ಕೇಳಿಸಿಕೊಳ್ಳುತ್ತಿದ್ದಳು. ಒಂದು ಪಂಚಮಿಗೆ ರೊಟ್ಟಿ ಅಲ್ಲೇ ಬಿಟ್ಟು ತನ್ನೊಳಗೆ ತಾನೇ ಅಂದುಕೊಂಡಳು: ರೂಪಾಗೆ ಮದುವೆಯ ಬಳೆ ಇಡಿಸುವ ದಿನ ನಾನು ಗೋಡೆಗೆ ಅಂಟಿಕೊಂಡು ಕೂರುವವಳಲ್ಲ. ಆ ಸಾಲಿನಲ್ಲೇ ಕೂತು ಕೈ ಚಾಚುವವಳು.

ಆದರೆ ಯಾವುದಕ್ಕೆ ಚಾಚುವುದು? ಬಳೆ ಕೇಳಿದರೆ ಊರೇ ಎದ್ದು ನಿಲ್ಲುತ್ತದೆ. ಉತ್ತರ ಸಿಕ್ಕಿದ್ದು ಹೊಸಪೇಟೆಯ ಆ ಗಾಜಿನೊಳಗೆ. ವಾಚಿಗೆ ಮುತ್ತೈದೆಯೂ ಇಲ್ಲ, ವಿಧವೆಯೂ ಇಲ್ಲ.

ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ ರೂಪಾಳ ಲಗ್ನ ಗೊತ್ತಾಯಿತು. ವರ ನಾಗೇಶ, ಕುಷ್ಟಗಿಯವನು, ಸಾಲಿ ಮಾಸ್ತರ. ಮದುವೆಯ ಖರ್ಚಿನ ದುಡ್ಡನ್ನು ಯಮನೂರಮ್ಮ ಬೇರೆಯೇ ತೆಗೆದಿಟ್ಟಿದ್ದಳು. ವಾಚಿಗೆ ಕೊಟ್ಟದ್ದು ಸಂಬಳ ಏರಿದಾಗ ಒಟ್ಟಿಗೆ ಬಂದ ಬಾಕಿ ಹಣ. ಅಳಿಯನಿಗೂ ಅದೇ ಅಂಗಡಿಯಲ್ಲಿ ಒಂದು ಒಳ್ಳೆಯ ವಾಚು ತೆಗೆದುಕೊಂಡಿದ್ದಳು, ನಾಕು ಜನ ಮೆಚ್ಚುವಂಥದ್ದು. ಸ್ವಿಸ್‌ದಲ್ಲ, ಅಷ್ಟೇ.

ಮದುವೆಯ ಓಡಾಟಕ್ಕೆ ತವರೂರು ಮರಳಿಯಿಂದ ಬಂದಿದ್ದ ಅಣ್ಣ ಹುಚ್ಚೀರಪ್ಪ ಬೆಲೆ ಕೇಳಿ ನಿಂತಲ್ಲೇ ಕುಕ್ಕರಿಸಿದ.

"ತಂಗಿ, ತಲಿ ನೆಟ್ಟಗೈತಿಲ್ಲೋ? ನನ್ನ ಮೊಬೈಲ್‌ನ್ಯಾಗೂ ಅದ ಟೈಮ್ ತೋರಸ್ತೈತಿ. ನಿನ್ನ ವಾಚ್‌ನ್ಯಾಗ ಗಂಟಿಗಿ ಅರವತ್ತೊಂದು ನಿಮಿಷ ಅದಾವೇನು?"

"ಇಲ್ಲಣ್ಣ. ಅರವತ್ತ ಅದಾವು."

"ಮತ್ತ! ಬಂಗಾರ ತಗೊಂಡಿದ್ರ ನಾಳೆ ಕಷ್ಟಕ್ಕ ಅಡಾ ಇಡಬಹುದಿತ್ತು. ಇದನ್ನ ಯಾವ ಸಾವಕಾರ ಅಡಾ ಇಟ್ಕೋತಾನ?"

"ಯಾರೂ ಇಟ್ಕೊಳ್ಳಾಂಗಿಲ್ಲ. ಅದಕ್ಕ ತಗೊಂಡೀನಿ. ಬಂಗಾರ ಇದ್ರ ನೀನ ಮೊದಲ ಬರ್ತಿದ್ದಿ, ತಂಗಿ ಬಾವಿಗೆ ಪಂಪ್ ಹಾಕಸಬೇಕು ಅಂತ."

ಹುಚ್ಚೀರಪ್ಪ ಕೆಮ್ಮಿದ. ಹಾಗೆ ಒಂದು ಸಲ ಬಂದದ್ದು ಹೌದು.

"ಹೋಗಲಿ ಬಿಡು. ಐನೂರು ರೂಪಾಯಿಂದು ಸಾಲ್ತಿದ್ದಿಲ್ಲೇನು?"

"ಐನೂರಿಂದು ಕಟಿಗೊಂಡ್ರ, ಟೈಮ್ ನೋಡಾಕ ಕಟಿಗೊಂಡಾಳ ಅಂತಾರ. ಇದನ್ನ ಕಟಿಗೊಂಡ್ರ ನನ್ನ ಕೈ ನೋಡ್ತಾರ. ಹದಿನೇಳು ವರ್ಷಾತು ಯಾರೂ ನೋಡಿಲ್ಲ."

ಅಣ್ಣನಿಗೆ ಇದು ತಲೆಗೆ ಹೋಗಲಿಲ್ಲ. ಅವನಿಗೆ ಹೋದದ್ದು ಒಂದೇ: ಬೆಲೆಬಾಳುವ ವಸ್ತು, ಮದುವೆಯ ಮನೆ, ಬಂದುಹೋಗುವ ನೂರು ಮಂದಿ. ಕಳ್ಳರಿಗಿಂತ ದೃಷ್ಟಿಯೇ ಕೆಟ್ಟದ್ದು ಅಂದ. ಬಳೆಯ ದಿನದವರೆಗೂ ಭದ್ರವಾಗಿರಲಿ ಅಂತ ಅವಳೂ ಒಪ್ಪಿದಳು. ಹುಚ್ಚೀರಪ್ಪ ವಾಚಿಗೆ ಕುಂಕುಮ ಹಚ್ಚಿ, ಅಕ್ಕಿಕಾಳು ಹಾಕಿ, ಹಳದಿ ಬಟ್ಟೆಯಲ್ಲಿ ಸುತ್ತಿ, ಸೀರೆಗಳ ನಡುವೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಬೀಗದ ಕೈ ಅವನ ಉಡದಾರಕ್ಕೆ ಹೋಯಿತು.

ಎಲ್ಲವೂ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಕುಷ್ಟಗಿಯಿಂದ ಫೋನು ಬಂತು. ನಾಗೇಶನ ಸೋದರತ್ತೆ ಬಸವಣ್ಣೆಮ್ಮ. ತಾಯಿಯಿಲ್ಲದ ನಾಗೇಶನನ್ನು ಬೆಳೆಸಿದವಳು, ಗಂಡಿನ ಕಡೆಗೆ ಅವಳ ಮಾತೇ ಮಾತು.

"ಬೀಗತಿ, ಭಾಳ ಛಲೋ ಮಾಡೀರಿ ನೋಡ್ರಿ! ನಾವು ಬಾಯಿ ಬಿಟ್ಟು ಕೇಳಿದ್ದಿಲ್ಲ. ನಮ್ಮ ನಾಗೇಶಗ ಸ್ವಿಸ್ ವಾಚ್ ಅಂದ್ರ ಏನ್ ತಮಾಷಿ ಏನ್ರಿ! ಓಣಿಗೆಲ್ಲ ಹೇಳಿಬಂದೆ."

ಯಮನೂರಮ್ಮ ಫೋನು ಇಟ್ಟು ಅಣ್ಣನನ್ನು ನೋಡಿದಳು. ಹುಚ್ಚೀರಪ್ಪ ಹಂದರದ ಬಿದಿರು ಎಣಿಸುವವನಂತೆ ಮೇಲೆ ನೋಡುತ್ತಿದ್ದ.

"ಲಗ್ನಪತ್ರ ಕೊಡಾಕ ಹೋದಾಗ ಬಾಯಿಗಿ ಬಂತು, ಅಂದುಬಿಟ್ಟೆ," ಅಂದ. "ಅವರು ಒಂದೀಟು ಸಪ್ಪಗಿದ್ರು. ವಾಚ್ ಅಂದ ಕೂಡಲೇ ತಿನ್ನಾಕ ಉಂಡಿ ತರಿಸಿದ್ರು. ಈಗ ಕೊಟ್ಟುಬಿಡು ತಂಗಿ, ಮಾನ ಉಳೀತೈತಿ."

"ಕೊಡಾಂಗಿಲ್ಲ."

ಒಳಗಿನಿಂದ ರೂಪಾ ಓಡಿಬಂದಳು. ಕಣ್ಣು ಆಗಲೇ ತುಂಬಿದ್ದವು. "ಅವ್ವಾ, ನಿನ್ನ ಕಾಲಿಗಿ ಬೀಳ್ತೀನಿ. ಒಂದು ವಾಚಿಗೆ ನನ್ನ ಮದ್ವಿ ಮುರೀಬೇಕೇನು? ಆಮ್ಯಾಲೆ ನಾನ ನಿನಗ ಇನ್ನೊಂದು ಕೊಡಸ್ತೀನಿ."

"ನೀ ಕೊಡಸಿದ್ದನ್ನ ಆಗ ಕಟಿಗೋತೀನಿ. ಇದು ನಂದು. ಬಳಿ ದಿನ ನನ್ನ ಕೈಯಾಗಿರ್ತೈತಿ."

ರೂಪಾ ಅವತ್ತಿನಿಂದ ತಾಯಿಯ ಜೊತೆ ಮಾತು ಬಿಟ್ಟಳು. ಉಪ್ಪು ಬೇಕಿದ್ದರೂ ಸೋದರಮಾವನ ಕಡೆಯಿಂದ ಕೇಳಿಸುತ್ತಿದ್ದಳು. ಯಮನೂರಮ್ಮ ಮಗಳ ಮುಖ ನೋಡಿ ಎರಡು ಸಲ ಟ್ರಂಕಿನ ತನಕ ಹೋದಳು. ಎರಡು ಸಲವೂ ಎಡಗೈಯ ಕಲೆ ಸವರಿಕೊಂಡು ತಿರುಗಿ ಬಂದಳು.

ಬಳೆಯ ದಿನ ಬಂತು. ಹಂದರದ ಕೆಳಗೆ ಜೈನಾಬೀ ಹಸಿರು ಬಳೆಗಳ ಬುಟ್ಟಿ ಬಿಚ್ಚಿ ಕೂತಳು. ಅವಳ ಮುಂದೆ ರೂಪಾ, ರೂಪಾಳ ಹಿಂದೆ ಮುತ್ತೈದೆಯರ ಸಾಲು. ಅತ್ತ ಒಗ್ಗಾಣಿ ಮಿರ್ಚಿಯ ಎಣ್ಣೆ ಕಾಯುತ್ತಿತ್ತು. ಯಮನೂರಮ್ಮ ಒಲೆಯ ಹತ್ತಿರ ಒಗ್ಗಾಣಿಗೆ ಮಂಡಕ್ಕಿ ತೋಯಿಸುತ್ತಿದ್ದಳು. ಅಷ್ಟರಲ್ಲಿ ಕುಷ್ಟಗಿಯ ಟೆಂಪೊ ಬಂತು. ಬಸವಣ್ಣೆಮ್ಮ ಇಳಿದಳು. ಮೊಣಕೈಯ ತನಕ ಬಳೆ, ಅವಳಿಗಿಂತ ಮೊದಲು ಅವಳ ಸದ್ದೇ ಹಂದರಕ್ಕೆ ಬಂತು.

ನೀರು ಕುಡಿದವಳೇ ಅಂದಳು, "ಸೀರಿ-ಗೀರಿ ಆಮ್ಯಾಲೆ. ಮೊದಲ ಆ ವಾಚ್ ತೋರಸ್ರಿ, ಕಣ್ಣು ತಂಪಾಗಲಿ!"

ಹುಚ್ಚೀರಪ್ಪನಿಗೆ ಅಷ್ಟೇ ಸಾಕಾಗಿತ್ತು. ತಂಗಿಯ ಕಡೆ ನೋಡಲೂ ಇಲ್ಲ. ಟ್ರಂಕನ್ನು ಎಳೆದು ತಂದು ಎಲ್ಲರ ನಡುವೆ ಬೀಗ ತೆಗೆದ. ಹಳದಿ ಬಟ್ಟೆ ಬಿಚ್ಚಿದ. ಅಕ್ಕಿಕಾಳು ಉದುರಿದವು, ವಾಚು ಹೊಳೆಯಿತು. ಬಸವಣ್ಣೆಮ್ಮ ಕಿವಿಗೆ ಹಿಡಿದಳು. ಹುಬ್ಬು ಗಂಟಾಯಿತು. ಮತ್ತೊಂದು ಕಿವಿಗೆ ಹಿಡಿದಳು.

"ಇದು ನಿಂತೈತಲ್ರಿ!"

ಹಂದರವೆಲ್ಲ ಗುಸುಗುಸು. ವರನಿಗೆ ನಿಂತ ಗಡಿಯಾರ! ಬಳೆ ಇಡಿಸುವ ದಿನ! ಒಬ್ಬಳು "ಶಿವಶಿವಾ" ಅಂದಳು, ಇನ್ನೊಬ್ಬಳು ರೂಪಾಳ ತಲೆ ಮೇಲೆ ಸೆರಗು ಎಳೆದಳು.

ಹುಚ್ಚೀರಪ್ಪನ ಮುಖ ಹುಣಸೆಹಣ್ಣಾಯಿತು. "ಮೋಸ ಮಾಡ್ಯಾನ ಸೂಳೆಮಗ! ಇವತ್ತ ಹೊಸಪೇಟಿಗೆ ಹೋಗಿ ಅವನ ಅಂಗಡಿ ಬಾಗಲಾ ಕಿತ್ತು ಬರ್ತೀನಿ!"

"ಯಾರೂ ಎಲ್ಲೂ ಹೋಗಬ್ಯಾಡ್ರಿ."

ಯಮನೂರಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಎದ್ದು ಬಂದಳು. ಬಸವಣ್ಣೆಮ್ಮನ ಕೈಯಿಂದ ವಾಚನ್ನು ಮೆಲ್ಲಗೆ ಬಿಡಿಸಿಕೊಂಡಳು. ಮೊರದಲ್ಲಿ ಜೋಳ ಹಸನು ಮಾಡುವಾಗ ಆಡಿಸುವ ಹಾಗೆ ಕೈಯನ್ನು ಅತ್ತ ಇತ್ತ ಆಡಿಸಿದಳು. ಒಂದಿಷ್ಟು ಹೊತ್ತು. ಆಮೇಲೆ ವಾಚನ್ನು ಬಸವಣ್ಣೆಮ್ಮನ ಕಿವಿಗೆ ತಾನೇ ಹಿಡಿದಳು.

ಬಸವಣ್ಣೆಮ್ಮನ ಬಾಯಿ ತೆರೆಯಿತು. "ಯವ್ವಾ! ಜೀವ ಬಂತು!"

"ಟ್ರಂಕಿನ್ಯಾಗ ಇಟ್ರ ಇದು ಸಾಯ್ತೈತ್ರಿ. ದುಡಿಯೋ ಕೈಯಾಗಿದ್ರ ನಡೀತೈತಿ. ನಮ್ಮಣ್ಣ ನಿಮಗ ತಪ್ಪು ಹೇಳ್ಯಾನ. ಅಳಿಯಗ ಬ್ಯಾರೆ ತಂದೀನಿ, ಛಲೋದ ಐತಿ, ಮದ್ವಿ ದಿನ ನಾನ ಕಟ್ತೀನಿ. ಇದು ನನ್ನ ಕೈಗಿ ತಂದದ್ದು."

ಬಸವಣ್ಣೆಮ್ಮ ಸೆರಗು ಬಿಗಿದಳು.

"ನಿಮ್ಮ ಕೈಗಿ? ಬರಿಗೈಗಿ ಸ್ವಿಸ್ ವಾಚ್ ಏನ್ ಮಾಡ್ತೀರಿ ಬೀಗತಿ?"

"ಬರಿಗೈ ಅಂತನ ತಂದೀನ್ರಿ. ತುಂಬಿದ ಕೈಗಿ ಯಾಕ ಬೇಕು?"

ಇನ್ನೇನು ಬಸವಣ್ಣೆಮ್ಮ ಟೆಂಪೊ ಹತ್ತುತ್ತಾಳೆ ಅಂತ ಎಲ್ಲರೂ ಅಂದುಕೊಂಡಾಗ ಮುಂದಿನಿಂದ ಒಂದು ಸಣ್ಣ ದನಿ ಬಂತು. ರೂಪಾಳದು. ಅವಳ ಎಡಗೈ ಜೈನಾಬೀಯ ಕೈಯೊಳಗಿತ್ತು, ಅರ್ಧ ಬಳೆ ಏರಿದ್ದವು. ಅವಳು ತನ್ನ ಕೈ ನೋಡಿದಳು, ವಾಚು ಹಿಡಿದ ತಾಯಿಯ ಕೈ ನೋಡಿದಳು, ಅದರ ಕಲೆ ನೋಡಿದಳು.

"ಅದು ನಮ್ಮವ್ವಂದ್ರಿ, ಅತ್ತಿ. ನಿಮಗ ಸಿಟ್ಟು ಬಂದ್ರ ನನ್ನ ಬೈರಿ. ಅದನ್ನ ಮಾತ್ರ ಕೇಳಬ್ಯಾಡ್ರಿ."

ಬಸವಣ್ಣೆಮ್ಮ ಹುಡುಗಿಯನ್ನು ನೋಡಿದಳು, ಅವಳ ತಾಯಿಯನ್ನು ನೋಡಿದಳು. ಆಮೇಲೆ ಕುಷ್ಟಗಿಯ ತನಕ ಕೇಳುವಂತೆ ನಕ್ಕುಬಿಟ್ಟಳು.

"ಕೈ ಆಡಿಸಿದ್ರ ನಡಿಯೋ ವಾಚೇನು? ಹಂಗಾರ ಬ್ಯಾಡವಾ ನಮ್ಮ ನಾಗೇಶಗ! ರಜಾ ಇದ್ರ ಮಧ್ಯಾಹ್ನದ ತನಕ ಹಾಸಿಗಿ ಬಿಟ್ಟು ಏಳಾಂಗಿಲ್ಲ ಅವ. ಅವನ ಕೈಯಾಗ ದಿನಾ ಸಾಯ್ತೈತಿ ಇದು!"

ಹಂದರ ನಗೆಯಲ್ಲಿ ಅಲುಗಾಡಿತು. ಹುಚ್ಚೀರಪ್ಪ ಯಾರಿಗೂ ಕಾಣದಂತೆ ಮಿರ್ಚಿ ಕರಿಯುವ ಕಡೆ ಸರಿದ.

ಯಮನೂರಮ್ಮ ನಗಲಿಲ್ಲ. ಇನ್ನೂ ಅವಳ ಕೆಲಸ ಮುಗಿದಿರಲಿಲ್ಲ. ಸಾಲಿನ ಕೊನೆಗೆ ಹೋಗಿ ಕೂತಳು. ಒಬ್ಬೊಬ್ಬರೇ ಮುಂದೆ ಸರಿದಂತೆ ತಾನೂ ಸರಿದಳು. ಯಾರೋ ಹಿಂದಿನಿಂದ "ಅಕಿ ಯಾಕ ಕುಂತಾಳ?" ಅಂದರು. ಅವಳು ತಿರುಗಿ ನೋಡಲಿಲ್ಲ. ತನ್ನ ಪಾಳಿ ಬಂದಾಗ ವಾಚನ್ನು ಜೈನಾಬೀಯ ಮಡಿಲಿಗಿಟ್ಟು ಎಡಗೈ ಚಾಚಿದಳು.

ಜೈನಾಬೀ ಆ ಕೈ ನೋಡಿದಳು. "ಈ ಕೈ ನನಗ ಗುರ್ತೈತಿ," ಅಂದಳು. "ನಿನ್ನ ಬಾಗಲಾ ಬಂದಾಗ ಬಾಯಿ ಮುಚ್ಚಿಕೊಂಡು ಹೋಗೋ ಪಾಪ ನಂದು ಯಕ್ಕಾ. ಕೊಡು ಇಲ್ಲಿ."

ವಾಚಿನ ಉಕ್ಕಿನ ಸರಪಳಿಗೆ ಒಂದು ಕೊಂಡಿ ಇದೆ, ಒತ್ತಿದರೆ ಬಿಚ್ಚಿಕೊಳ್ಳುತ್ತದೆ ಅಂತ ಜೈನಾಬೀಗೆ ಗೊತ್ತಿರಲಿಲ್ಲ. ಅವಳು ಬಳೆ ಇಡುವಂತೆಯೇ ಇಟ್ಟಳು. ಹೆಬ್ಬೆರಳನ್ನು ಒಳಗೆ ಮಡಚಿ, ಗೆಣ್ಣುಗಳನ್ನು ಮೆತ್ತಗೆ ನಾದಿ, ಮುಚ್ಚಿದ ಸರಪಳಿಯನ್ನು ತಿರುಗಿಸುತ್ತಾ ತಿರುಗಿಸುತ್ತಾ ಒಳಗೆ ನೂಕಿದಳು. ಉಕ್ಕು ಚರ್ಮ ತರಚಿತು. ಯಮನೂರಮ್ಮ ಹಲ್ಲು ಕಚ್ಚಿದಳು, ಕೊಂಡಿಯ ಮಾತು ಮಾತ್ರ ಎತ್ತಲಿಲ್ಲ. ಗೆಣ್ಣು ದಾಟಿದ ವಾಚು ಜಾರಿ ಸರಿಯಾಗಿ ಆ ಹಳೆಯ ಕಲೆಯ ಮೇಲೆ ಬಂದು ಕೂತಿತು. ಜೈನಾಬೀ ಎಲ್ಲರಿಗೂ ಮಾಡುವಂತೆ ಅವಳ ಮಣಿಕಟ್ಟು ಮುಟ್ಟಿ ತನ್ನ ಕಣ್ಣಿಗೊತ್ತಿಕೊಂಡಳು.

ಯಮನೂರಮ್ಮ ಎದ್ದು ನೇರ ಒಲೆಗೆ ಹೋದಳು. ತಾನೇ ತೋಯಿಸಿಟ್ಟ ಮಂಡಕ್ಕಿಗೆ ಒಗ್ಗರಣೆ ಬಿದ್ದು ಒಗ್ಗಾಣಿ ತಯಾರಾಗಿತ್ತು. ಬುಟ್ಟಿ ಎತ್ತಿಕೊಂಡು ಸಾಲಿನ ಮೇಲೆ ಬಡಿಸುತ್ತಾ ಬಂದಳು. ಕೈ ಮುಂದೆ ಹೋದಾಗಲೆಲ್ಲ ಸಡಿಲವಾದ ಸರಪಳಿ ಬುಟ್ಟಿಯ ಅಂಚಿಗೆ ತಗಲಿ ಕಿಣ್ ಅನ್ನುತ್ತಿತ್ತು. ರೂಪಾ ತಟ್ಟೆ ಹಿಡಿದು, ಎಷ್ಟೋ ದಿನದ ಮೇಲೆ, "ಅವ್ವಾ, ಇನ್ನೀಟು ಹಾಕು," ಅಂದಳು.

ಬಸವಣ್ಣೆಮ್ಮ ಬಾಯಿ ತುಂಬ ಮಿರ್ಚಿ ಇಟ್ಟುಕೊಂಡೇ ಕೇಳಿದಳು, "ಬೀಗತಿ, ಅಷ್ಟು ರೊಕ್ಕ ಕೊಟ್ಟೀರಿ, ಟೈಮ್ ಎಷ್ಟಾತು ಹೇಳ್ರಿ ನೋಡೂಣು."

ಯಮನೂರಮ್ಮ ಬುಟ್ಟಿಯನ್ನು ಬಗಲಿಗೇರಿಸಿ, ಎಡಗೈ ಎತ್ತಿ, ಎಲ್ಲರಿಗೂ ಕಾಣುವಂತೆ ಹಿಡಿದು ನೋಡಿದಳು.

"ನಾಲ್ಕೂ ಇಪ್ಪತ್ತು."

ನೆತ್ತಿಯ ಮೇಲೆ ಸೂರ್ಯ. ಹಂದರದ ನೆರಳು ಕಂಬದ ಬುಡದಲ್ಲೇ ಇತ್ತು.

"ನಾಲ್ಕೂ ಇಪ್ಪತ್ತೇನ್ರಿ ಈಗ!"

"ಮುಳ್ಳು ಆಮ್ಯಾಲೆ ಸರಿ ಮಾಡೂಣ್ರಿ, ಅವಸರಿಲ್ಲ. ತಟ್ಟಿ ಮುಂದ ಹಿಡೀರಿ," ಅಂದು ಯಮನೂರಮ್ಮ ಅವಳಿಗೆ ಇನ್ನೊಂದು ಮುಷ್ಟಿ ಒಗ್ಗಾಣಿ ಹಾಕಿದಳು.