ಮಹೇಶನ ಗಾಡಿ, ವೈದೇಹಿಯ ಕೆರೆ

ಸ್ವೀಡನ್ನಿನ ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ಮಹೇಶನಿಗೆ ಕೆಲಸ. ತಾವಾಗಿಯೇ ಬ್ರೇಕು ಹಾಕಿಕೊಳ್ಳುವ ಕಾರುಗಳ ಸಾಫ್ಟ್‌ವೇರ್ ನೆಟ್ಟಗಿದೆಯೇ ಎಂದು ಪರೀಕ್ಷಿಸುತ್ತಾನೆ. ಅವನು ಸ್ವಂತಕ್ಕೆ ಕೊಂಡ ಗಾಡಿಗೆ ಮಾತ್ರ ಅಂಥ ಜಾಣತನ ಒಂದೂ ಇಲ್ಲ. ಇಪ್ಪತ್ತೆರಡು ವರ್ಷದ ಮುದಿ ಡೀಸೆಲ್ ಗಾಡಿ. ನಾಲ್ಕು ಚಕ್ರಗಳೂ ಎಳೆಯುತ್ತವೆ. ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಗೇರು ಇದೆ. ಅದನ್ನು ಹಾಕಿದರೆ ಗಬ್ಬದ ಎಮ್ಮೆಯ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಎಂಥ ದಿಣ್ಣೆಯನ್ನಾದರೂ ಹತ್ತುತ್ತದೆ.

ಅದನ್ನು ತಂದ ದಿನ ನಮ್ಮ ಕನ್ನಡ ಕೂಟದ ಹುಡುಗರು ಸುತ್ತ ನಿಂತು ನಕ್ಕರು.

"ಏನ್ ಗುರು, ಆಫೀಸಿಗೆ ಬಂಡೆ ಹತ್ಕೊಂಡ್ ಹೋಗ್ತೀಯಾ?" ಎಂದ ಧೀರಜ್. "ಮೈಲೇಜ್ ಎಷ್ಟು?"

"ಅದೊಂದ್ ಕೇಳ್ಬೇಡ. ಕುಡಿಯೋದು ಅದು, ತಲೆ ತಿರುಗೋದು ನಂಗೆ."

ಮಹೇಶ ಪಾವಗಡದ ಕಡೆಯವನು. ಸೋದರಮಾವನ ಜೀಪು ಊರೂರಿಗೆ ಜನ ತುಂಬಿಕೊಂಡು ಹೋಗುತ್ತಿತ್ತು. ಸ್ಟೀರಿಂಗ್ ಹಿಡಿಯುವುದನ್ನು ಅದರಲ್ಲೇ ಕಲಿತ. ಆದರೆ ಹಳೆಯ ಜೀಪಿನ ಮೋಹಕ್ಕೆ ಅವನು ಈ ಗಾಡಿ ಕೊಳ್ಳಲಿಲ್ಲ. ಕೊಂಡದ್ದು ಹೆಂಡತಿ ವೈದೇಹಿಗಾಗಿ.

ವೈದೇಹಿ ಮೋಲ್ನ್‌ಡಾಲಿನ ಔಷಧ ಕಂಪನಿಯೊಂದರಲ್ಲಿ ಅಂಕಿಅಂಶಗಳನ್ನು ಜಾಲಾಡುವ ಹುದ್ದೆಯಲ್ಲಿದ್ದಾಳೆ. ಎರಡನೇ ವರ್ಷದಲ್ಲಿ ಬಂದ ಪೋಲಿಯೋ ಅವಳ ಎಡಗಾಲನ್ನು ಒಣಕಡ್ಡಿ ಮಾಡಿಬಿಟ್ಟಿತು. ತೊಡೆಯಿಂದ ಹಿಮ್ಮಡಿಯವರೆಗೆ ಸ್ಟೀಲಿನ ಪಟ್ಟಿ ಕಟ್ಟಿಕೊಳ್ಳುತ್ತಾಳೆ. ಸಪಾಟು ನೆಲದಲ್ಲಿ ಕೋಲೂರಿ ಅರ್ಧ ಕಿಲೋಮೀಟರ್ ನಡೆದಾಳು. ಬೇರು, ಬಂಡೆ, ಇಳಿಜಾರು ಎಂದರೆ ಆಗದು. ಈ ದೇಶದಲ್ಲೋ ಶನಿವಾರ ಬಂತೆಂದರೆ ಜನ ಕಾಡಿಗೆ ನುಗ್ಗುತ್ತಾರೆ. ಅವಳು ಫ್ಲಾಸ್ಕು, ಪುಸ್ತಕ ಹಿಡಿದು ಕಾಡಿನಂಚಿನ ಬೆಂಚಿನ ಮೇಲೆ ಕೂತಿರುತ್ತಾಳೆ.

"ಹನ್ನೊಂದು ವರ್ಷದಿಂದ ಸ್ವೀಡನ್ನಿನ ಪಾರ್ಕಿಂಗ್ ಜಾಗ ಎಲ್ಲಾ ನೋಡಿದೀನಿ ಅಂಕಲ್," ಎಂದು ನನಗೊಮ್ಮೆ ಹೇಳಿದ್ದಳು. "ಅದ್ರ ಮೇಲೇ ಇನ್ನೊಂದು ಪಿಎಚ್‌ಡಿ ಮಾಡ್ಬಹುದು."

ಅವರ ಮಗಳು ಶ್ರಾವಣಿಗೆ ಒಂಬತ್ತು ವರ್ಷ. ಸ್ಕೂಲಿನವರ ಜೊತೆ ಕಾಡಿನೊಳಗಿನ ಒಂದು ಕೆರೆಗೆ ಹೋಗಿಬಂದವಳು ಬಾಗಿಲಲ್ಲೇ ಶುರು ಮಾಡಿದಳು. ನೀರು ಟೀ ಡಿಕಾಕ್ಷನ್ನಿನ ಬಣ್ಣವಂತೆ, ನಡುವೆ ಒಂದೇ ಮರದ ದ್ವೀಪವಂತೆ, ಕೂಗಿದರೆ ಆಚೆ ದಡ ತಿರುಗಿ ಕೂಗುತ್ತದಂತೆ. "ಅಮ್ಮಾ, ಯೂ ಮಸ್ಟ್ ಸೀ ಇಟ್," ಎಂದವಳು ಕಾಲಿನ ಕಡೆ ನೋಡಿ ತಡೆದಳು. "ಬಟ್ ಅಲ್ಲಿಗೆ ರೋಡೇ ಇಲ್ಲ."

"ಪರವಾಗಿಲ್ಲ ಪುಟ್ಟಾ, ಫೋಟೋ ತೋರ್ಸು," ಎಂದಳು ವೈದೇಹಿ.

ಮಹೇಶ ಪಾತ್ರೆ ತೊಳೆಯುತ್ತಿದ್ದವನು ತಿರುಗಲಿಲ್ಲ. ಮೂರು ತಿಂಗಳಿಗೆ ಗಾಡಿ ಬಂತು. ಚಳಿಗಾಲಕ್ಕೆ ಒಳ್ಳೆಯದು ಎಂದು ಹೆಂಡತಿಗೆ ಹೇಳಿದ. ಅವಳಿಗೇನು ಗೊತ್ತಾಗದೆ ಹೋಯಿತೇ?

ಗಾಡಿ ಎತ್ತರವಾದ್ದರಿಂದ ವೈದೇಹಿಗೆ ಹತ್ತಲಾಗುತ್ತಿರಲಿಲ್ಲ. ಮೂವತ್ತು ವರ್ಷ ಟ್ರೋಲ್‌ಹೆಟ್ಟನ್ನಿನ ಎಂಜಿನ್ ಕಾರ್ಖಾನೆಯಲ್ಲಿ ಸವೆದ ಕೈ ನನ್ನದು, ಕಬ್ಬಿಣ ಇನ್ನೂ ನನ್ನ ಮಾತು ಕೇಳುತ್ತದೆ. ಮಡಚುವ ಎರಡು ಮೆಟ್ಟಿಲು ಮಾಡಿಕೊಟ್ಟೆ.

ಸೆಪ್ಟೆಂಬರಿನ ಒಂದು ಶನಿವಾರ ಹೊರಟೆವು. ಹಿಂದಿನ ಸೀಟಿನಲ್ಲಿ ನಾನು, ಶ್ರಾವಣಿ. ಜಲ್ಲಿ ರಸ್ತೆ ಮುಗಿಯುವ ಕಡೆ ವೈದೇಹಿ ಕೇಳಿದಳು.

"ರೀ, ಇದು ಯಾರದೋ ಜಾಗ ಇರ್ಬೇಕಲ್ವಾ?"

"ಇಲ್ಲಿ ಕಾಡು ಎಲ್ಲಾರ್ದೂ ಕಣೇ. ಯಾರ್ ಬೇಕಾದ್ರೂ ಹೋಗ್ಬಹುದು, ಹಣ್ಣು ಕೀಳ್ಬಹುದು, ಟೆಂಟ್ ಹಾಕ್ಬಹುದು. ಕಾನೂನೇ ಇದೆ. ಬೇಲಿ ಎಲ್ಲಿದೆ ತೋರ್ಸು?"

ಆಫೀಸಿನ ಫೀಕಾದಲ್ಲಿ, ಕಾಫಿ ಕುಡಿಯುವಾಗ ಕೇಳಿದ ಮಾತು ಅದು. ಸುಳ್ಳಲ್ಲ. ಆದರೆ ಆ ಹಕ್ಕು ನಡೆಯುವವರದು, ಚಕ್ರದ್ದಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ಅವನ ಹುಮ್ಮಸ್ಸು ನೋಡಿ ನಾನೂ ಬಾಯಿ ಮುಚ್ಚಿಕೊಂಡು ಕೂತೆ.

ಹಸಿರು ಹಾಸಿಗೆಯಂಥ ಪಾಚಿಯ ಮೇಲೆ ಇನ್ನೂರು ಗಜ ಹೋಗಿರಬೇಕು. ಗಾಡಿ ಕೆಸರಿಗೆ ಬಿದ್ದ ಕೋಣನಂತೆ ಕೂತುಬಿಟ್ಟಿತು. ಪಾಚಿಯ ಕೆಳಗೆ ಬರೀ ಜವುಗು. ಗಿಡ್ಡ ಗೇರು ಹಾಕಿ, ಹಿಂದಕ್ಕೂ ಮುಂದಕ್ಕೂ ಎಳೆದಾಡಿ ಅಂತೂ ಹಿಮ್ಮುಖವಾಗಿ ಈಚೆ ತಂದ. ನೆಲದ ಮೇಲೆ ನೇಗಿಲು ಹೊಡೆದಂತೆ ಎರಡು ಸಾಲು ಬಿದ್ದು, ಕರೀ ನೀರು ತುಂಬಿಕೊಂಡಿತು.

ಅಷ್ಟರಲ್ಲಿ ರಬ್ಬರ್ ಬೂಟಿನ ಒಬ್ಬ ಮುದುಕ ಮರಗಳ ನಡುವಿನಿಂದ ಬಂದ. ಆ ಕಾಡಿನ ಒಡೆಯ, ಹೋಲ್ಗರ್ ಎಂದು ಹೆಸರು. ಗಾಡಿಯನ್ನಾಗಲಿ ನಮ್ಮನ್ನಾಗಲಿ ಅವನು ನೋಡಲಿಲ್ಲ. ಆ ಎರಡು ಸಾಲುಗಳನ್ನೇ ನೋಡುತ್ತಾ ನಿಂತ.

"ಕಾಡು ಕಾಲಿದ್ದವರಿಗೆ," ಎಂದ ಸ್ವೀಡಿಷ್‌ನಲ್ಲಿ, ದನಿ ಏರಿಸದೆ. "ಹಿಮವಿಲ್ಲದ ಬರೀ ನೆಲದ ಮೇಲೆ ಗಾಡಿ ಓಡಿಸುವುದು ಅಪರಾಧ. ಈ ಪಾಚಿ ಮತ್ತೆ ಬೆಳೆಯುವುದಕ್ಕೆ ಮೂವತ್ತು ವರ್ಷ ಬೇಕು. ನನಗೆ ಎಪ್ಪತ್ತೇಳು."

ಹೆಂಡತಿಯ ಕಾಲು ತೋರಿಸಿ ಮಹೇಶ ಒಂದು ಮಾತು ಹೇಳಿದ್ದರೆ ಮುದುಕ ಮೆತ್ತಗಾಗುತ್ತಿದ್ದನೇನೋ. ಅವನು ಹೇಳಲಿಲ್ಲ. "ತಪ್ಪು ನನ್ನದು, ನಾನೇ ಸರಿಮಾಡುತ್ತೇನೆ," ಎಂದಷ್ಟೇ ಅಂದ. ವೈದೇಹಿ ಸೆರಗಿಲ್ಲದ್ದಕ್ಕೆ ಜಾಕೆಟ್ಟನ್ನೇ ಎಳೆದು ಸ್ಟೀಲಿನ ಪಟ್ಟಿ ಮುಚ್ಚಿಕೊಂಡಳು.

ವಾಪಸು ಬರುವಾಗ ಅವಳು ಒಂದೇ ಮಾತು ಆಡಿದಳು. "ನಾನು ಕೇಳಿರ್ಲಿಲ್ಲ ರೀ. ಇನ್ಮೇಲೆ ಆ ಕೆರೆ ವಿಷ್ಯ ಬೇಡ."

ಮಾರನೇ ಶನಿವಾರ ಮಹೇಶ ಸನಿಕೆ ಹಿಡಿದು ಹೊರಟ. ಒಬ್ಬನನ್ನೇ ಬಿಡುವುದಿಲ್ಲ ಎಂದು ವೈದೇಹಿಯೂ ಹತ್ತಿದಳು. ಗಾಡಿ ಜಲ್ಲಿ ರಸ್ತೆಯಲ್ಲೇ ನಿಂತಿತು. ಅವನು ಮಣ್ಣು ಸರಿಸಿ ಸಾಲು ಮುಚ್ಚಿದ. ಚಕ್ರ ಕಿತ್ತೆಸೆದಿದ್ದ ಪಾಚಿಯ ಹೆಂಟೆಗಳನ್ನು ಆಯ್ದು ಒಂದೊಂದಾಗಿ ಊರಿ, ಹಿಮ್ಮಡಿಯಿಂದ ಒತ್ತಿದ.

ದೂರ ನಿಂತು ನೋಡುತ್ತಿದ್ದ ಹೋಲ್ಗರ್ ತಡೆಯಲಾರದೆ ಹತ್ತಿರ ಬಂದ. "ಏನು ಮಾಡುತ್ತಿದ್ದೀಯ?"

"ನಾಟಿ," ಎಂದ ಮಹೇಶ. ಅದಕ್ಕೆ ಸ್ವೀಡಿಷ್ ಪದ ಅವನಿಗೆ ಹೊಳೆಯಲಿಲ್ಲ. "ನಮ್ಮಮ್ಮ ರಾಗಿ ಪೈರು ಹೀಗೆ ಊರುತ್ತಿದ್ದಳು."

"ಪಾಚಿಗೆ ಬೇರಿಲ್ಲ. ಅಷ್ಟು ಒತ್ತಬೇಡ, ಉಸಿರು ಕಟ್ಟುತ್ತದೆ."

ಐದು ಶನಿವಾರ ಹೀಗೇ ಹೋಯಿತು. ಮೂರನೆಯದಕ್ಕೆ ಹೋಲ್ಗರ್ ತಾನೇ ಸೊಪ್ಪಿನ ಕೊಂಬೆಗಳನ್ನು ಹೊತ್ತು ತಂದು, ಗುಂಡಿಯ ತಳಕ್ಕೆ ಹಾಸುವುದನ್ನು ತೋರಿಸಿಕೊಟ್ಟ. ಐದನೆಯದಕ್ಕೆ ವೈದೇಹಿ ಗಾಜಿಳಿಸಿ ಅವನಿಗೆ ಕಾಫಿ, ಕೋಡುಬಳೆ ಕೊಟ್ಟಳು.

"ನೀನು ಯಾವಾಗಲೂ ಒಳಗೇ ಕೂತಿರುತ್ತೀಯ. ಯಾಕೆ ಇಳಿಯುವುದಿಲ್ಲ?" ಎಂದ. ಇಲ್ಲಿನವರು ಕೇಳುವುದೇ ಹಾಗೆ, ನೇರ.

ಅವಳು ಬೆರಳಿನಿಂದ ಸ್ಟೀಲಿನ ಪಟ್ಟಿಯನ್ನು ಟಣಟಣ ಎನ್ನಿಸಿದಳು. "ನಿನ್ನ ಪಾಚಿ ಮೂವತ್ತು ವರ್ಷಕ್ಕಾದರೂ ಬೆಳೆಯುತ್ತದೆ. ಇದಕ್ಕೆ ನಲವತ್ತಾಯಿತು."

ಮುದುಕ ಕೋಡುಬಳೆಯನ್ನು ಕಟಕಟ ಅಗಿದು ಮುಗಿಸಿದ. "ಅವತ್ತು ಎಲ್ಲಿಗೆ ಹೊರಟಿದ್ದಿರಿ?"

"ಕೆರೆಗೆ."

ಅವನು ಜವುಗಿನಾಚೆ ಒಮ್ಮೆ ನೋಡಿದ. ಲೋಟ ಕೊಟ್ಟು ಹೋದ.

ಫೆಬ್ರವರಿಯ ಒಂದು ಗುರುವಾರ ಮಹೇಶನಿಗೆ ಹೋಲ್ಗರನ ಫೋನು ಬಂತು. ಇಲ್ಲಿ ಜವುಗಿನಾಚೆಯ ಮರ ಸಾಗಿಸುವವರು ಕಡು ಚಳಿಗೆ ಕಾಯುತ್ತಾರೆ. ಹಿಮವನ್ನು ತುಳಿದು ಗಟ್ಟಿಮಾಡಿ, ಕೆಳಗಿನ ನೆಲ ಕಲ್ಲಾಗುವ ತನಕ ಹೆಪ್ಪುಗಟ್ಟಿಸಿ ದಾರಿ ಮಾಡುತ್ತಾರೆ. ಕೆಲವು ವಾರದ ಬಾಳು ಅದಕ್ಕೆ.

"ದಾರಿ ಕೆರೆಯವರೆಗೆ ಇದೆ," ಎಂದ ಹೋಲ್ಗರ್. "ಪಾಚಿಗೆ ಏನೂ ಆಗುವುದಿಲ್ಲ, ಕೆಳಗೆ ಮಲಗಿದೆ. ಭಾನುವಾರ ಬನ್ನಿ. ಆಮೇಲೆ ಮರದ ಲಾರಿಗಳು ಬರುತ್ತವೆ."

ಭಾನುವಾರ ಮುಂದೆ ಹೋಲ್ಗರ್ ನೆಲದ ಗಟ್ಟಿ ನೋಡಲು ಹಾರೆಕೋಲು ಕುಟ್ಟುತ್ತಾ ನಡೆದ. ಹಿಂದೆ ಗಿಡ್ಡ ಗೇರಿನಲ್ಲಿ ನಮ್ಮ ಗಾಡಿ. ಮುದುಕ ಕಾಲಿಟ್ಟಲ್ಲೇ ಮಹೇಶ ಚಕ್ರ ಇಡುತ್ತಿದ್ದ. ಮುಕ್ಕಾಲು ಗಂಟೆಗೆ ಮರಗಳು ಮುಗಿದು ಬಯಲು ಕಂಡಿತು.

ಬಯಲು ಅಷ್ಟೇ. ನೀರಿಲ್ಲ, ಡಿಕಾಕ್ಷನ್ ಬಣ್ಣವಿಲ್ಲ. ಎಲ್ಲ ಬಿಳಿ. ದ್ವೀಪವೂ ಬಿಳಿ ಗುಪ್ಪೆ. ಮಹೇಶ ಎಂಜಿನ್ ಆರಿಸಿ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತ.

"ಏನೂ ಕಾಣ್ತಾ ಇಲ್ವಲ್ಲ ಕಣೇ," ಎಂದ. ಅವನ ಮುಖ ಬಾಡಿ ಹಿಪ್ಪೆಯಾಗಿತ್ತು.

"ಸುಮ್ನಿರಿ, ಇಳೀತೀನಿ."

ಹೋಲ್ಗರ್ ದಡದ ಗುಡಿಸಲಿನಿಂದ ಒದೆಯುವ ಜಾರುಗಾಡಿಯೊಂದನ್ನು ಎಳೆದು ತಂದ. ಮುಂದೆ ಕುರ್ಚಿ, ಹಿಂದೆ ಹಿಡಿ, ಕೆಳಗೆ ಎರಡು ಉದ್ದನೆಯ ಕಬ್ಬಿಣದ ಪಟ್ಟಿ. ಕೆರೆಯ ಮಂಜುಗಡ್ಡೆಯ ಮೇಲಿನ ಪುಡಿಹಿಮವನ್ನು ಗಾಳಿ ಗುಡಿಸಿ ಹಾಕಿತ್ತು. ಮಹೇಶ ಕುರ್ಚಿಯ ಮೇಲೆ ಕಂಬಳಿ ಹಾಸಲು ಹೋದ.

"ಕೂರುವುದಕ್ಕಲ್ಲ," ಎಂದು ಮುದುಕ ತಡೆದ. "ಸೊಂಟ ಮುರಿದ ಮೇಲೂ ನನ್ನ ಹೆಂಡತಿ ಇದರಲ್ಲಿ ಓಡಾಡುತ್ತಿದ್ದಳು. ಇದಕ್ಕೆ ಒಂದು ಒಳ್ಳೆಯ ಕಾಲು ಸಾಕು. ಇನ್ನೊಂದು ನಿಂತಿದ್ದರಾಯಿತು."

ವೈದೇಹಿ ಕೋಲನ್ನು ಗಂಡನ ಕೈಗೆ ಕೊಟ್ಟಳು. ಮೊಣಕಾಲಿನ ಬೀಗ ಬಿಗಿಮಾಡಿ, ಸ್ಟೀಲಿನ ಕಾಲನ್ನು ಜಾರುಗಾಡಿಯ ಪಟ್ಟಿಯ ಮೇಲೆ ಇಟ್ಟಳು. ಹಿಡಿ ಹಿಡಿದು ಬಲಗಾಲಲ್ಲಿ ಒದ್ದಳು. ಜಾರುಗಾಡಿ ಒಂದು ಮಾರು ಹೋಗಿ ನಿಂತಿತು. ಮತ್ತೆ ಒದ್ದಳು. ಮೂರು ಮಾರು. ಆಮೇಲೆ ನಿಲ್ಲಲಿಲ್ಲ.

"ಅಮ್ಮಾ, ವೆಯ್ಟ್," ಎಂದು ಶ್ರಾವಣಿ ಹಿಂದೆ ಓಡಿದಳು.

"ನಿಧಾನ ಕಣೇ, ಜಾರುತ್ತೆ," ಎಂದು ಮಹೇಶನೂ ಕೋಲು ಹಿಡಿದು ಓಡಿದ. ಎರಡು ಸಲ ಬಿದ್ದ. ಹದಿನಾರು ವರ್ಷದ ಸಂಸಾರದಲ್ಲಿ ಅವಳು ಅವನಿಗಿಂತ ಮುಂದೆ ಹೋದದ್ದು ಅದೇ ಮೊದಲು.

ದ್ವೀಪ ದಾಟಿದ ಮೇಲೆ ಅವಳು ಏನೋ ಕೂಗಿದ್ದು ಕೇಳಿಸಿತು. ಆಚೆ ದಡವೂ ತಿರುಗಿ ಕೂಗಿತು.